ರಾಕ್ಷಸನಿಗೊಂದು ಕಟ್ಟಳೆ, ಭಕ್ತನಿಗೊಂದು ಬೆಲೆ

ದೆವ್ವದ ಧಾರಾವಾಹಿ ಹಚ್ಚಿದ ಮನೆಯಲ್ಲಿ ಮೊದಲ ಕಂತು ಅರ್ಧ ಮುಗಿಯುವಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಹಂಗಾರೆ ಅದ್ಕೆ ಮನೆ ಒಳ್ಗೆ ಬಪ್ಪಲೆ ಆಗ್ತಿಲ್ಯ?" (ಹಾಗಾದರೆ ಅದಕ್ಕೆ ಮನೆಯೊಳಗೆ ಬರಲು ಆಗುವುದಿಲ್ಲವೇ?) ಶಿರಸಿ ಕಡೆಯ ಹವ್ಯಕರ ಮನೆಯಲ್ಲಿ ಹೀಗೆ ಕೇಳುತ್ತಾರೆ, ಕಾರವಾರದಲ್ಲಿ ಇದೇ ಪ್ರಶ್ನೆ ಕೊಂಕಣಿಯಲ್ಲಿ ಬರುತ್ತದೆ. ಇಂಥ ಕತೆ ಬರೆಯುವವರು ಮೊದಲು ಕಿವಿಗೊಡಬೇಕಾದ್ದು ಈ ಪ್ರಶ್ನೆಗೆ. ಅದಕ್ಕೆ ಎಷ್ಟು ಬಲ ಇದೆ ಅನ್ನುವುದು ನೋಡುಗರಿಗೆ ಕೊಂಬು, ಹಲ್ಲು ಕಂಡಾಗಲೇ ಗೊತ್ತಾಗಿರುತ್ತದೆ. ಅವರಿಗೆ ಬೇಕಾದ್ದು ಅದರ ಕಟ್ಟಳೆ. ಎಲ್ಲಿ ನಿಲ್ಲುತ್ತದೆ, ಯಾವುದಕ್ಕೆ ಹೆದರುತ್ತದೆ, ಏನು ಕೊಟ್ಟರೆ ಹಿಂದೆ ಸರಿಯುತ್ತದೆ.

ನಮ್ಮ ಪುರಾಣಗಳು ಈ ವಿಷಯದಲ್ಲಿ ಬಹಳ ಖಡಕ್ಕು. ಹಿರಣ್ಯಕಶಿಪುವಿನ ವರವನ್ನು ಒಬ್ಬ ವಕೀಲ ಕೂತು ಬರೆದ ಹಾಗಿದೆ: ಮನುಷ್ಯನಿಂದಲ್ಲ, ಮೃಗದಿಂದಲ್ಲ, ಹಗಲಲ್ಲ, ರಾತ್ರಿಯಲ್ಲ, ಒಳಗಲ್ಲ, ಹೊರಗಲ್ಲ. ರಕ್ತಬೀಜನ ಒಂದೊಂದು ಹನಿ ನೆಲಕ್ಕೆ ಬಿದ್ದರೆ ಒಬ್ಬೊಬ್ಬ ರಕ್ತಬೀಜ. ಭಸ್ಮಾಸುರ ಯಾರ ತಲೆಯ ಮೇಲೆ ಕೈ ಇಟ್ಟರೂ ಅವರು ಬೂದಿ. ಬಡಗುತಿಟ್ಟಿನ ಯಕ್ಷಗಾನದ ಆಟದಲ್ಲಿ ಹೊನ್ನಾವರ ಸೀಮೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933–2017) ಭಸ್ಮಾಸುರ ನೋಡಲು ಜನ ಕಿಕ್ಕಿರಿದದ್ದು ಕತೆಯ ಕೊನೆ ಗೊತ್ತಿಲ್ಲದೆ ಅಲ್ಲ. ಎಲ್ಲರಿಗೂ ಕೊನೆ ಗೊತ್ತು. ಮೋಹಿನಿಯ ಕುಣಿತಕ್ಕೆ ಹೆಜ್ಜೆ ಸೇರಿಸುತ್ತಾ ಸೇರಿಸುತ್ತಾ ಆ ಕೈ ಅವನದೇ ತಲೆಯತ್ತ ಏರುವ ಗಳಿಗೆಯಲ್ಲಿ ಒಬ್ಬ ಖಳನ ಒಳಗೆ ಏನಾಗುತ್ತದೆ ಅನ್ನುವುದನ್ನು ನೋಡಲು ಅವರು ಬೆಳಗಿನ ಜಾವದ ತನಕ ಕೂರುತ್ತಿದ್ದರು. ಕಟ್ಟಳೆ ಮೊದಲೇ ಗೊತ್ತಿದ್ದದ್ದರಿಂದಲೇ ಆ ಗಳಿಗೆ ಅಷ್ಟು ಬಿಗಿಯಾಗುತ್ತದೆ.

ಹಾಗಾಗಿ ಕತೆ ಬರೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು ಮೂರು ಸಾಲು ಬರೆಯಬೇಕು. ಇದು ಏನು ಮಾಡಬಲ್ಲದು. ಏನು ಮಾಡಲಾರದು. ಇದಕ್ಕೆ ಏನು ಬೇಕು. ಮೂರನೆಯ ಸಾಲನ್ನೇ ಹೆಚ್ಚಿನವರು ಮರೆಯುವುದು. ಹಸಿವೇ ಇಲ್ಲದ ದೆವ್ವ ಕಿಟಕಿ ಬಡಿಯುತ್ತದೆ, ದೀಪ ಆರಿಸುತ್ತದೆ, ಮೂರನೇ ಕಂತಿಗೆ ಅದಕ್ಕೆ ಮಾಡಲು ಕೆಲಸವೇ ಇರುವುದಿಲ್ಲ. ಈ ಮೂರು ಸಾಲನ್ನು ಏಳನೇ ಕ್ಲಾಸಿನ ಹುಡುಗ ಒಂದು ಕಂತು ನೋಡಿ ಅಜ್ಜಿಗೆ ವಿವರಿಸುವಂತಿರಬೇಕು. ವಿವರಿಸಲು ಬರದಿದ್ದರೆ ಕಟ್ಟಳೆ ತೊಡಕಾಯಿತು ಅಂತ ಲೆಕ್ಕ.

ದೆವ್ವಗಳ ಬೇಟೆಗೆ ಹೊರಟ ಅಣ್ಣ ತಮ್ಮಂದಿರ ಕತೆಯಾದ ಅಮೆರಿಕದ 'ಸೂಪರ್‌ನ್ಯಾಚುರಲ್' ಧಾರಾವಾಹಿ 2005ರಿಂದ 2020ರವರೆಗೆ 15 ಸೀಸನ್, 327 ಕಂತು ನಡೆಯಿತು. ಅಷ್ಟು ಕಾಲ ನಿಲ್ಲಲು ಅದರ ಅಡುಗೆಮನೆ ಮಟ್ಟದ ಕಟ್ಟಳೆಯೂ ಒಂದು ಕಾರಣ: ಉಪ್ಪಿನ ಗೆರೆ ದಾಟಿ ಪ್ರೇತ ಬರುವುದಿಲ್ಲ, ಕಬ್ಬಿಣ ತಾಗಿದರೆ ಚದುರುತ್ತದೆ, ಎಲುಬಿಗೆ ಉಪ್ಪು ಹಾಕಿ ಸುಟ್ಟರೆ ಹೋಗುತ್ತದೆ. ಗೋಕರ್ಣದ ಪಕ್ಕದ ಸಾಣಿಕಟ್ಟೆಯ ಗದ್ದೆಗಳಲ್ಲಿ ಉಪ್ಪು ಬೆಳೆಯುವುದನ್ನು ಕಂಡವರಿಗೆ, ಉಪ್ಪು ಮೆಣಸು ನಿವಾಳಿಸಿ ಮಕ್ಕಳ ದೃಷ್ಟಿ ತೆಗೆಯುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪಿನ ಗೆರೆಯ ಚೆಂದ ಅದು ಮುರಿಯುವುದರಲ್ಲಿದೆ. ಗಾಳಿ ಬೀಸಿದರೆ ಮುರಿಯುತ್ತದೆ, ಕಾಲು ತಾಗಿದರೆ ಮುರಿಯುತ್ತದೆ, ಒಳಗಿರುವವರೇ ಯಾರನ್ನೋ ಉಳಿಸಲು ಓಡಿದರೂ ಮುರಿಯುತ್ತದೆ. ಅದೇ ಧಾರಾವಾಹಿ ಸೋತದ್ದು ಸಾವಿನ ವಿಷಯದಲ್ಲಿ. ಅಣ್ಣ ತಮ್ಮ ಇಬ್ಬರೂ ಸಾಯುವುದು, ತಿರುಗಿ ಬರುವುದು ಎಷ್ಟೋ ಸಲ ಆದ ಮೇಲೆ ಸಾವಿಗೆ ತೂಕ ಉಳಿಯಲಿಲ್ಲ. ಒಬ್ಬರಿಗಾಗಿ ಇನ್ನೊಬ್ಬರು ಪ್ರಾಣ ಕೊಡುತ್ತೇನೆ ಅಂದಾಗ ನೋಡುಗರ ಎದೆ ಹೊಡೆದುಕೊಳ್ಳುವುದು ನಿಂತುಹೋಗುತ್ತದೆ. ಪ್ರೀತಿಯಿಂದ ಪಾತ್ರವನ್ನು ಉಳಿಸಿಕೊಳ್ಳಲು ಹೋಗಿ ಆ ಪಾತ್ರದ ಆಯ್ಕೆಯನ್ನೇ ಕೊಂದ ಹಾಗೆ ಅದು.

ಕಟ್ಟಳೆ ಇರುವುದು ಒಬ್ಬ ಮನುಷ್ಯನನ್ನು ಮೂಲೆಗೆ ಒತ್ತಲಿಕ್ಕೆ. ಈ ಮಾತಿಗೆ ನಮ್ಮ ಕರಾವಳಿಯಲ್ಲಿ ಇರುವುದಕ್ಕಿಂತ ದೊಡ್ಡ ಉದಾಹರಣೆ ಬೇರೆಲ್ಲೂ ಸಿಗಲಿಕ್ಕಿಲ್ಲ. ರಾವಣ ಆತ್ಮಲಿಂಗ ಹಿಡಿದು ಲಂಕೆಗೆ ಹೊರಟವನು. ಶಿವ ಹಾಕಿದ ಕಟ್ಟಳೆ ಒಂದೇ: ದಾರಿಯಲ್ಲಿ ನೆಲಕ್ಕಿಡಬಾರದು. ಗೋಕರ್ಣದ ಹತ್ತಿರ ಬರುವಾಗ ವಿಷ್ಣು ಚಕ್ರ ಅಡ್ಡ ಹಿಡಿದು ಹೊತ್ತು ಮುಳುಗಿದಂತೆ ಮಾಡುತ್ತಾನೆ. ಸಂಧ್ಯಾವಂದನೆಯ ಹೊತ್ತು. ಅಲ್ಲೇ ಒಬ್ಬ ವಟು ನಿಂತಿದ್ದಾನೆ, ಅವನು ಗಣಪತಿ. "ಮೂರು ಸಲ ಕರೆಯುತ್ತೇನೆ, ಬರದಿದ್ದರೆ ಇಟ್ಟುಬಿಡುತ್ತೇನೆ" ಅನ್ನುತ್ತಾನೆ. ಮೂರು ಕರೆ ಮುಗಿಯುತ್ತದೆ, ಲಿಂಗ ಭೂಮಿ ಹಿಡಿಯುತ್ತದೆ.

ಇದನ್ನು ಚಿತ್ರಕತೆ ಬರೆಯುವವರ ಕಣ್ಣಲ್ಲಿ ಒಮ್ಮೆ ನೋಡಬೇಕು. ರಾವಣ ಸೋತದ್ದು ದುರಾಸೆಯಿಂದಲ್ಲ, ಕುಡಿತದಿಂದಲ್ಲ, ಹೆಣ್ಣಿನಿಂದಲ್ಲ. ನಿತ್ಯಕರ್ಮ ತಪ್ಪಿಸಲಾರದ ಶ್ರದ್ಧೆಯಿಂದ ಸೋತ. ಒಂದು ಕೈಯಲ್ಲಿ ಭಕ್ತಿಯ ಫಲ, ಇನ್ನೊಂದು ಕಡೆ ಭಕ್ತಿಯ ನಿಯಮ. ಎರಡನ್ನೂ ಒಟ್ಟಿಗೆ ಹಿಡಿಯಲು ಆಗದ ಹಾಗೆ ಹೊತ್ತು ಮುಳುಗಿಸಿದ್ದಾರೆ. ಸಂಧ್ಯೆ ಬಿಟ್ಟಿದ್ದರೆ ಲಿಂಗ ಅವನದು. ಆದರೆ ಸಂಧ್ಯೆ ಬಿಡುವವನಾಗಿದ್ದರೆ ಆ ಲಿಂಗ ಅವನ ಕೈಗೇ ಬರುತ್ತಿರಲಿಲ್ಲ. ರಾಕ್ಷಸನಿಗೆ ಶ್ರದ್ಧೆ ಕೊಟ್ಟು, ಆ ಶ್ರದ್ಧೆಯಿಂದಲೇ ಅವನನ್ನು ಸೋಲಿಸಿ, ದೇವರ ಕಡೆಯವರ ಕೈಗೆ ಮೋಸವನ್ನು ಕೊಟ್ಟ ಕತೆ ಇದು. ಇದನ್ನು ಕೇಳಿ ಬೆಳೆದವರು ಒಳ್ಳೆಯವರು ಒಂದು ಕಡೆ, ಕೆಟ್ಟವರು ಒಂದು ಕಡೆ ಅಂತ ಗೆರೆ ಎಳೆದು ಧಾರಾವಾಹಿ ಬರೆದರೆ ಬೇಸರವಾಗುತ್ತದೆ.

ಕಟ್ಟುವಿಕೆಯೂ ಕಲಿಯುವಂಥದ್ದು. ಕಟ್ಟಳೆ ಒಂದೇ ಸಾಲಿನದು. ಗಡುವನ್ನು ಎಲ್ಲರೂ ಕಣ್ಣಾರೆ ನೋಡಬಹುದು: ಸೂರ್ಯ. ಎಚ್ಚರಿಕೆ ಮೂರು ಸಲ, ಒಂದೊಂದು ಕರೆಗೂ ರಾವಣ ಏಳಬಹುದಿತ್ತು, ಏಳಲಿಲ್ಲ. ಟಿವಿಗೆ ಬರೆಯುವಾಗಲೂ ಇದೇ ಅಳತೆ ಚೆನ್ನಾಗಿ ಕೂರುತ್ತದೆ. ಕಟ್ಟಳೆ ಮೊದಲು ಗುರುತಿಲ್ಲದ ಯಾರೋ ಒಬ್ಬನ ಮೇಲೆ ಬೀಳಲಿ. ಎರಡನೇ ಸಲ ಊರಿನ ಪರಿಚಯದವರ ಮೇಲೆ. ಮೂರನೇ ಸಲ ನಾವು ಪ್ರೀತಿಸಿದ ಪಾತ್ರದ ಮೇಲೆ, ಅದೂ ಅವರು ಆರಿಸಿಕೊಂಡದ್ದರಿಂದ. ಮೊದಲ ಸಲವೇ ನಾಯಕಿಯ ಮೇಲೆ ಬಿದ್ದರೆ ಅದು ಅಪಘಾತವಾಗುತ್ತದೆ. ಅಪಘಾತ ನೋಡಿ ಅಯ್ಯೋ ಅನ್ನಬಹುದು, ಅದರ ಬಗ್ಗೆ ಮರುದಿನ ಚರ್ಚೆ ಮಾಡಲು ಏನೂ ಇರುವುದಿಲ್ಲ.

ನಂಬಿಕೆಯನ್ನೇ ನಡುಮನೆಯಲ್ಲಿ ಕೂರಿಸಿದ ಧಾರಾವಾಹಿಗಳಲ್ಲಿ 2021ರ 'ಮಿಡ್‌ನೈಟ್ ಮಾಸ್' ಏಳೇ ಕಂತಿನದು. (ಮುಂದೆ ಅದರ ಕೊನೆಯ ತನಕ ಮಾತಿದೆ, ನೋಡಬೇಕೆಂದಿರುವವರು ನೋಡಿಯೇ ಓದುವುದು ಒಳ್ಳೆಯದು.) 127 ಜನ ಇರುವ ಒಂದು ದ್ವೀಪ. ಸಮುದ್ರಕ್ಕೆ ಎಣ್ಣೆ ಸೋರಿ ಮೀನುಗಾರಿಕೆ ಕುಸಿದಿದೆ, ಯುವಕರು ಊರು ಬಿಟ್ಟಿದ್ದಾರೆ. ಆಗ ಹೊಸ ಪಾದ್ರಿ ಬರುತ್ತಾನೆ, ಕಾಲು ಬಾರದ ಹುಡುಗಿ ಚರ್ಚಿನಲ್ಲಿ ಎದ್ದು ನಡೆಯುತ್ತಾಳೆ. ನಿಜ ಏನೆಂದರೆ ಆ ಪಾದ್ರಿ ಅದೇ ಊರಿನ ಮುದಿ ಪಾದ್ರಿ. ಯಾತ್ರೆಗೆ ಹೋಗಿ ಮರಳುಗಾಳಿಯಲ್ಲಿ ದಾರಿ ತಪ್ಪಿ, ಒಂದು ಹಾಳು ಗುಹೆಯಲ್ಲಿ ರಕ್ತ ಹೀರುವ ರೆಕ್ಕೆಯ ಪ್ರಾಣಿಗೆ ಸಿಕ್ಕಿ, ಅದರ ರಕ್ತ ಕುಡಿದು ಯುವಕನಾಗಿ ಬಂದವನು. ಅವನು ಅದನ್ನು ದೇವದೂತ ಅಂದುಕೊಂಡಿದ್ದಾನೆ. ಪ್ರಸಾದದ ದ್ರಾಕ್ಷಾರಸಕ್ಕೆ ಅದರ ರಕ್ತ ಬೆರೆಸಿ ಊರಿಗೆಲ್ಲ ಕುಡಿಸುತ್ತಾನೆ.

ಏಳು ಕಂತಿನಲ್ಲಿ ಎಲ್ಲೂ ಆ ಪ್ರಾಣಿಯನ್ನು ಯಾರೂ ರಕ್ತಪಿಶಾಚಿ ಅಂತ ಕರೆಯುವುದಿಲ್ಲ. ಬರೆದವರು ಮಾಡಿದ ಅತ್ಯಂತ ಗಟ್ಟಿ ತೀರ್ಮಾನ ಅದು. ಕರೆದರೆ ಜನ ಅದನ್ನು ಓಡಿಸಲು ಬೆಳ್ಳುಳ್ಳಿ ಹುಡುಕುತ್ತಾರೆ. ಕರೆಯದೆ ಇದ್ದದ್ದರಿಂದ ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಧರ್ಮಗ್ರಂಥದಲ್ಲಿ ಅದಕ್ಕೊಂದು ಜಾಗ ಹುಡುಕುತ್ತಾರೆ. ಅಲ್ಲಿಂದ ಮುಂದೆ ರಾಕ್ಷಸ ಹಿಂದೆ ಸರಿದು ಮನುಷ್ಯರ ನಂಬಿಕೆಯೇ ಕೆಲಸಕ್ಕೆ ನಿಲ್ಲುತ್ತದೆ. ಪಾದ್ರಿಯ ಪಾತ್ರ ದೊಡ್ಡದಾಗುವುದು ಕೊನೆಯ ಕಂತಿನಲ್ಲಿ. ತಾನು ಇಷ್ಟೆಲ್ಲ ಮಾಡಿದ್ದು ದೇವರಿಗಾಗಿ ಅಲ್ಲ, ಹಿಂದೆ ಪ್ರೀತಿಸಿದ ಹೆಂಗಸು ಮತ್ತು ಅವಳಲ್ಲಿ ಹುಟ್ಟಿದ ಮಗಳ ಜೊತೆ ಬಾಳುವ ಇನ್ನೊಂದು ಅವಕಾಶಕ್ಕಾಗಿ ಅಂತ ಅವನಿಗೆ ಹೊಳೆಯುತ್ತದೆ. ತನಗೆ ಬೇಕಾದ್ದನ್ನು ದೇವರ ಬಾಯಲ್ಲಿ ಹೇಳಿಸಿದ ಮನುಷ್ಯ ಅವನು. ಇಂಥವರನ್ನು ನಾವೆಲ್ಲರೂ ನೋಡಿದ್ದೇವೆ. ಆದ್ದರಿಂದಲೇ ಆ ಪಾತ್ರದ ಮೇಲೆ ಸಿಟ್ಟು ಬರುವ ಜಾಗದಲ್ಲಿ ಹೊಟ್ಟೆ ಕಿವುಚುತ್ತದೆ.

ಐದನೇ ಕಂತಿನ ದೋಣಿಯ ದೃಶ್ಯ ಬೇರೆಯದೇ ತೂಕದ್ದು. ಕುಡಿದು ಗಾಡಿ ಓಡಿಸಿ ಒಂದು ಹುಡುಗಿಯ ಸಾವಿಗೆ ಕಾರಣನಾಗಿ ಜೈಲಿಗೆ ಹೋಗಿ ಬಂದ, ದೇವರನ್ನು ನಂಬದ ಯುವಕ ರೈಲಿ. ಅವನೂ ಆ ಪ್ರಾಣಿಯ ಬಳಗಕ್ಕೆ ಸೇರಿಬಿಟ್ಟಿದ್ದಾನೆ. ಬಿಸಿಲು ಬಿದ್ದರೆ ಸುಟ್ಟುಹೋಗುತ್ತಾನೆ. ಗೆಳತಿಯನ್ನು ರಾತ್ರಿ ದೋಣಿಯಲ್ಲಿ ಕೂರಿಸಿಕೊಂಡು ನಡುನೀರಿಗೆ ಹೋಗಿ ನಡೆದದ್ದೆಲ್ಲ ಹೇಳುತ್ತಾನೆ. ಓಡಿಹೋಗಲು ತನಗೇ ಜಾಗ ಇರಬಾರದು ಅಂತಲೇ ನಡುನೀರು. ಬೆಳಗಾಗುತ್ತದೆ. ಅವನಿಗೆ ಸ್ವರ್ಗದ ಆಸೆಯಿಲ್ಲ, ಪುಣ್ಯದ ಲೆಕ್ಕವಿಲ್ಲ. ಆದರೂ ಆ ಧಾರಾವಾಹಿಯಲ್ಲಿ ಅತಿ ದೊಡ್ಡ ಬೆಲೆ ಕೊಟ್ಟವನು ಅವನೇ. ನಂಬಿಕೆ ಪಾತ್ರದ ಬಾಯಲ್ಲಿದೆಯೋ ನಡತೆಯಲ್ಲಿದೆಯೋ ಅನ್ನುವುದಕ್ಕೆ ಈ ದೃಶ್ಯ ಒಂದು ಅಳತೆಗೋಲು.

ಇದನ್ನು ನಮ್ಮ ಕಡೆಗೆ ತರುತ್ತೇವೆ ಅಂತ ಹೊರಟವರು ಒಂದು ವಿಷಯ ಗಮನಿಸಬೇಕು. ಕಾರವಾರದಲ್ಲಿ ಸೂರ್ಯ ಸಮುದ್ರದಿಂದ ಹುಟ್ಟುವುದಿಲ್ಲ, ಸಹ್ಯಾದ್ರಿಯ ಬೆನ್ನ ಹಿಂದಿನಿಂದ ಬರುತ್ತಾನೆ. ದೋಣಿಯಲ್ಲಿ ಕೂತವರ ಕಣ್ಣೆದುರು ಸಮುದ್ರದ ಅಂಚಿನಲ್ಲಿ ಕೆಂಪು ಚೆಂಡು ಏಳುವ ಶಾಟ್ ಅಲ್ಲಿ ಸುಳ್ಳಾಗುತ್ತದೆ, ಊರಿನವರು ತಕ್ಷಣ ಹಿಡಿಯುತ್ತಾರೆ. ಆದರೆ ನಿಜವಾದ ಬೆಳಗು ಕತೆಗೆ ಇನ್ನೂ ಒಳ್ಳೆಯದು. ಬೆಟ್ಟದ ನೆರಳು ನೀರಿನ ಮೇಲೆ ಉದ್ದಕ್ಕೆ ಚಾಚಿರುತ್ತದೆ. ಬಿಸಿಲು ಮೊದಲು ಬೀಳುವುದು ದೂರದ ಸಮುದ್ರಕ್ಕೆ, ದ್ವೀಪಗಳ ನೆತ್ತಿಗೆ. ಆಮೇಲೆ ಆ ಬೆಳಕಿನ ಗೆರೆ ಮೆಲ್ಲಗೆ ದಡದ ಕಡೆಗೆ ಸರಿದು ಬರುತ್ತದೆ. ಅಂದರೆ ದೋಣಿಯಲ್ಲಿರುವವನು ದಡದ ಕಡೆಗೆ ಹುಟ್ಟು ಹಾಕಿದರೆ ಅವನಿಗೆ ನೆರಳಿನಲ್ಲಿ ಇನ್ನಷ್ಟು ನಿಮಿಷ ಸಿಗುತ್ತದೆ. ಹುಟ್ಟು ಅವನ ಕೈಯಲ್ಲೇ ಇದೆ. ಅವನು ಹಾಕುತ್ತಾನೋ ಇಲ್ಲವೋ? ಮೂಲದಲ್ಲಿ ಇಲ್ಲದ ಹೊಸ ಆಯ್ಕೆಯೊಂದನ್ನು ನಮ್ಮ ಬೆಟ್ಟಗಳೇ ಕೊಡುತ್ತವೆ. ಎಣ್ಣೆ ಸೋರಿಕೆಯನ್ನೂ ಎರವಲು ತರಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ, ಕೈಯಲ್ಲಿ ಕಾಸಿಲ್ಲ, ಮಳೆ ಬಿಡುವುದಿಲ್ಲ. ಪವಾಡ ಮಾಡುವವನೊಬ್ಬ ಊರಿಗೆ ಬರಬೇಕಾದರೆ ಅದೇ ಹೊತ್ತು.

ನಂಬಿಕೆ ಮತ್ತು ಸಂಶಯವನ್ನು ಇಬ್ಬರು ಪಾತ್ರಗಳಿಗೆ ಹಂಚುವ ಚಾಳಿ ಹಳೆಯದು. 1993ರಲ್ಲಿ ಶುರುವಾದ ಅಮೆರಿಕದ ಧಾರಾವಾಹಿ 'ಎಕ್ಸ್ ಫೈಲ್ಸ್' ಅದನ್ನು ಸೊಗಸಾಗಿ ತಿರುವಿತು. ಎಲ್ಲದಕ್ಕೂ ಪುರಾವೆ ಕೇಳುವ ವೈದ್ಯೆ ಸ್ಕಲ್ಲಿಯ ಕೊರಳಲ್ಲಿ ಶಿಲುಬೆ ಇದೆ. ಅನ್ಯಗ್ರಹದವರನ್ನು ನಂಬುವ ಮಲ್ಡರ್‌ಗೆ ಚರ್ಚಿನ ಮಾತು ಬಂದರೆ ಅನುಮಾನ. ನಮ್ಮಲ್ಲೂ ಹಾಗೇ ಅಲ್ಲವೇ? ಜಾತಕ ನೋಡದ ಮೇಷ್ಟ್ರು ನಾಗರ ಬನದ ಮರಕ್ಕೆ ಕತ್ತಿ ಹಾಕುವುದಿಲ್ಲ. ಪಾತ್ರ ಅಂದರೆ ಈ ಬಿರುಕು.

ಉತ್ತರ ಕನ್ನಡದ ಕತೆಗಾರರ ಕೈಯಲ್ಲಿ ಇನ್ನೊಂದು ದೊಡ್ಡ ಸಂಪತ್ತಿದೆ. ಇಲ್ಲಿಯ ಚೌಡಿ, ಜಟಕ, ಮಾಸ್ತಿ, ಹುಲಿದೇವ ಇವರನ್ನು ದೇವರು ಅನ್ನುವುದೋ ಭೂತ ಅನ್ನುವುದೋ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅವರಿಗೆ ಗಡಿ ಇದೆ, ಸಲ್ಲಬೇಕಾದ್ದು ಇದೆ. ಕಾರವಾರದ ಕೋಡಿಬಾಗದ ಖಾಪ್ರಿ ದೇವರಿಗೆ ಸಿಗರೇಟು, ಮೇಣದಬತ್ತಿ, ಹೆಂಡದ ಹರಕೆ ಸಲ್ಲುತ್ತದೆ. ಆಫ್ರಿಕಾದಿಂದ ಬಂದವನು ಅನ್ನುವುದು ಜನರ ನಂಬಿಕೆ. ಇಂಥ ಶಕ್ತಿಯನ್ನು ಕತೆಗೆ ತಂದು, ಕೊನೆಗೆ ಮಂತ್ರವಾದಿ ಬಂದು ಮಡಕೆಯಲ್ಲಿ ಮುಚ್ಚಿ ಹೊಳೆಗೆ ಬಿಟ್ಟ ಅಂತ ಮುಗಿಸಿದರೆ ಅದು ಇಲ್ಲಿಯ ನಂಬಿಕೆಗೆ ದ್ರೋಹ. ಕತೆಗೂ ನಷ್ಟ. ಇಲ್ಲಿಯ ಜಗಳ ಶತ್ರುವಿನ ಜೊತೆಗಲ್ಲ, ಮಾತು ಕೊಟ್ಟವನ ಜೊತೆಗೆ. ಅಜ್ಜ ಹೇಳಿಕೊಂಡ ಹರಕೆಯನ್ನು ಮೊಮ್ಮಗ ತೀರಿಸಬೇಕೋ? ತೋಟ ಮಾರಿದರೆ ಚೌಡಿಯ ಕಾಯಿ ಯಾರ ಪಾಲಿನದು, ಮಾರಿದವನದೋ ಕೊಂಡವನದೋ? ಇದರಲ್ಲೇ ಒಂದು ಸೀಸನ್ ಇದೆ. ಬರೆಯುವವರು ಹರಕೆಯನ್ನು ಖಚಿತ ಮಾಡಿಕೊಳ್ಳಬೇಕು: ಯಾರು ಹೇಳಿಕೊಂಡರು, ಯಾವ ಸಂಕಟಕ್ಕೆ, ಏನು ಕೊಡುತ್ತೇನೆಂದರು, ಎಷ್ಟು ವರ್ಷ ತಪ್ಪಿತು, ಯಾರಿಗೆ ಗೊತ್ತಿದ್ದೂ ಸುಮ್ಮನಿದ್ದರು. ಕೊನೆಯ ಪ್ರಶ್ನೆಯಿಂದಲೇ ಖಳ ಹುಟ್ಟುವುದು, ಹೆಚ್ಚಾಗಿ ಅವನು ಮನೆಯವನೇ.

ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬಿಡಕಿಬೈಲಿನಲ್ಲಿ ದೇವಿ ಕೂತು ಏಳುವಾಗ ಚಪ್ಪರಕ್ಕೆ ಬೆಂಕಿ ಹಾಕುತ್ತಾರೆ. ಮಾರಿಯ ಬಗ್ಗೆ ಜನ ಹೇಳುವ ಕತೆಯಲ್ಲಿ ಜಾತಿ ಮುಚ್ಚಿಟ್ಟು ಮದುವೆಯಾದ ಗಂಡ ಇದ್ದಾನೆ, ನಿಜ ಗೊತ್ತಾದ ಹೆಂಡತಿಯ ಸಿಟ್ಟಿದೆ, ಕೋಣನ ಸಾವಿದೆ. ಈ ಕತೆಯನ್ನು ಇವತ್ತು ತೆರೆಗೆ ತರುವವರು ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ: ಆ ಗಂಡ ರಾಕ್ಷಸ ಅಂತ ಹೇಳಿದವರು ಯಾರು? ಅವನು ಹೇಳಿದ ಸುಳ್ಳು ದೊಡ್ಡದೋ, ಆ ಸುಳ್ಳು ಹೇಳಲೇಬೇಕಾದ ಊರಿನ ಕಟ್ಟಳೆ ದೊಡ್ಡದೋ? ದೇವಿಯ ಮೇಲಿನ ಭಕ್ತಿಗೆ ಕುಂದು ಬಾರದಂತೆಯೇ ಈ ಪ್ರಶ್ನೆ ಕೇಳಬಹುದು. ಕೋಣನ ಬಲಿಯನ್ನೇ ನಿಲ್ಲಿಸಿ ಜಾತ್ರೆಯನ್ನು ಉಳಿಸಿಕೊಂಡ ಊರು ಅದು. ಭಕ್ತಿ ಬದಲಾಗಬಲ್ಲದು ಅನ್ನುವುದು ಅಲ್ಲಿಯ ಜನರಿಗೆ ಗೊತ್ತಿದೆ.

ತೋರಿಸುವ ಕ್ರಮದ ಬಗ್ಗೆ ಒಂದೆರಡು ಮಾತು. ಯಕ್ಷಗಾನದ ಆಟದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸನ ವೇಷ, ನೇರವಾಗಿ ರಂಗಕ್ಕೆ ಬಂದು ನಿಲ್ಲುವುದಿಲ್ಲ. ವೇಷ ಕಟ್ಟುವ ಚೌಕಿಯ ಕಡೆಯಿಂದ ಮೊದಲು ಆರ್ಭಟೆ. ಚಂಡೆ ಏರುತ್ತದೆ. ದೊಂದಿಗೆ ರಾಳದ ಪುಡಿ ಎರಚಿದರೆ ಭಗ್ಗನೆ ಬೆಂಕಿ, ಮರುಗಳಿಗೆ ಮೊದಲಿಗಿಂತ ಹೆಚ್ಚು ಕತ್ತಲು. ಇಬ್ಬರು ತೆರೆ ಹಿಡಿದಿರುತ್ತಾರೆ. ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ, ಬೆರಳು, ಆಮೇಲೆ ಕಣ್ಣು. ಅಕ್ಕಿಹಿಟ್ಟು ಸುಣ್ಣ ಕಲಸಿ ಚುಕ್ಕಿಚುಕ್ಕಿಯಾಗಿ ಇಟ್ಟ ಚಿಟ್ಟಿಯ ಆ ಮುಖ ಪೂರ್ತಿ ಕಾಣುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿನೊಳಗೆ. ಗ್ರಾಫಿಕ್ಸಿಗೆ ಕಡಿಮೆ ದುಡ್ಡಿರುವ ತಂಡ ಇದನ್ನು ಹಾಗೇ ಎತ್ತಿಕೊಳ್ಳಬಹುದು: ಮೊದಲು ಸದ್ದು, ಆಮೇಲೆ ಅದನ್ನು ಕಂಡವರ ಮುಖ, ಆಮೇಲೆ ದೇಹದ ಒಂದು ತುಂಡು. ಪೂರ್ತಿ ಶರೀರ ನಡು ಕಂತಿಗೆ ಮೊದಲು ಬೇಡ.

ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳು ಎರಡು ಗುಡ್ಡದ ನಡುವಿನ ತಗ್ಗಿನಲ್ಲಿರುವುದರಿಂದ ಚಿತ್ರೀಕರಣಕ್ಕೆ ಹೊಗೆ ಬಿಟ್ಟರೆ ನಿಲ್ಲುತ್ತದೆ. ಕಡಲ ದಂಡೆಯಲ್ಲಿ ಗಾಳಿಗೆ ಕ್ಷಣಾರ್ಧದಲ್ಲಿ ಹೋಗುತ್ತದೆ. ಮುಸ್ಸಂಜೆಗೆ ಜೀರುಂಡೆ ಕೂಗಲು ಶುರುವಾದರೆ ಒಂದು ಟೇಕಿನ ಮಾತು ಇನ್ನೊಂದಕ್ಕೆ ಕೂಡುವುದಿಲ್ಲ, ಹಾಗಾಗಿ ಮಾತಿಲ್ಲದ ಶಾಟುಗಳನ್ನು ಆ ಹೊತ್ತಿಗೆ ಇಟ್ಟುಕೊಳ್ಳಬೇಕು. ಎಸಿ ಗಾಡಿಯಿಂದ ಇಳಿಸಿದ ಲೆನ್ಸಿಗೆ ಮಳೆಗಾಲದಲ್ಲಿ ತಕ್ಷಣ ಮಂಜು ಕೂರುತ್ತದೆ. ಚೀಲದೊಳಗೇ ಅರ್ಧ ಗಂಟೆ ಬಿಟ್ಟು ತೆಗೆಯಬೇಕು. ರಾತ್ರಿ ಅಂದರೆ ನೀಲಿ ಬೆಳಕು ಅನ್ನುವ ರೂಢಿ ಬಿಟ್ಟು ತೆಂಗಿನ ಗರಿಯ ಸೂಡಿಯ ಬೆಳಕಲ್ಲೇ ಒಂದು ದೃಶ್ಯ ತೆಗೆದು ನೋಡಬೇಕು. ಬೀಸಿದಾಗ ಮಾತ್ರ ಉರಿಯುವ ಬೆಳಕು ಅದು, ಬೀಸುವ ಕೈ ನಿಂತರೆ ಕತ್ತಲು.

ದಿನದ ಧಾರಾವಾಹಿಯಲ್ಲಿ ಇದೆಲ್ಲ ಕಷ್ಟ, ಆ ಮಾತು ನಿಜ. ಅರ್ಧ ಗಂಟೆಯ ಜಾಗದಲ್ಲಿ ಜಾಹೀರಾತು ಕಳೆದು 22 ನಿಮಿಷ ಉಳಿಯುತ್ತದೆ, ವಾರಕ್ಕೆ ಐದಾರು ಕಂತು. ಕತೆಗೆ ಕೊನೆ ಯಾವಾಗ ಅಂತ ಬರೆಯುವವರಿಗೇ ಗೊತ್ತಿರುವುದಿಲ್ಲ. ಹುಣ್ಣಿಮೆಯಂದು ಮಾತ್ರ ರೂಪ ಬದಲಿಸುತ್ತಿದ್ದ ನಾಗಿಣಿ ತಿಂಗಳು ಕಳೆದ ಮೇಲೆ ಮಟಮಟ ಮಧ್ಯಾಹ್ನ ಅಡುಗೆಮನೆಯಲ್ಲಿ ಹೆಡೆ ಬಿಚ್ಚುತ್ತಾಳೆ. ಅಂಥ ಒತ್ತಡದಲ್ಲೂ ಒಂದು ಕೆಲಸ ಮಾಡಬಹುದು. ಕಟ್ಟಳೆ ಬದಲಿಸಲೇಬೇಕಾದರೆ ಯಾರಾದರೂ ಒಬ್ಬರು ಬೆಲೆ ಕೊಟ್ಟು ಬದಲಿಸಲಿ. ಹುಣ್ಣಿಮೆ ಇಲ್ಲದೆ ರೂಪ ಬದಲಿಸಬೇಕಾದರೆ ಅವಳ ಆಯಸ್ಸಿನ ಒಂದು ವರ್ಷ ಹೋಗಲಿ, ಹೋದದ್ದು ಅವಳ ಕೂದಲಿನಲ್ಲಿ ಕಾಣಲಿ. ಆಗ ಮುರಿದ ಕಟ್ಟಳೆಯೂ ಕತೆಯೊಳಗೇ ಉಳಿಯುತ್ತದೆ.

ಇನ್ನು ಆಯ್ಕೆಯ ಮರುದಿನ. ಹೆಚ್ಚಿನ ಧಾರಾವಾಹಿಗಳು ಅಲ್ಲಿ ಅವಸರ ಮಾಡುತ್ತವೆ. ತಾಯಿ ಮಗನನ್ನು ಬಿಟ್ಟುಕೊಟ್ಟಳು, ಊರು ಉಳಿಯಿತು, ಮುಂದಿನ ಕಂತಿನಲ್ಲಿ ಹೊಸ ರಾಕ್ಷಸ. ಬಿಟ್ಟುಕೊಟ್ಟವಳ ಮನೆಯಲ್ಲಿ ಮಾರನೇ ದಿನ ಬೆಳಿಗ್ಗೆ ಏನು ನಡೆಯುತ್ತದೆ ಅನ್ನುವುದಕ್ಕೆ ಕನಿಷ್ಠ ಹತ್ತು ನಿಮಿಷ ಕೊಡಬೇಕು. ಅವಳು ದೇವರ ಕೋಣೆಯ ಬಾಗಿಲು ತೆಗೆಯುತ್ತಾಳೋ, ಹಾಗೇ ಮುಚ್ಚಿ ಬಿಡುತ್ತಾಳೋ. ಎಷ್ಟು ಜನಕ್ಕೆ ಅಕ್ಕಿ ಅಳೆಯುತ್ತಾಳೆ. ಉಳಿದ ಊರಿನವರಲ್ಲಿ ಯಾರು ಅವಳ ಅಂಗಳಕ್ಕೆ ಬರುತ್ತಾರೆ, ಯಾರು ಬೇಲಿಯಾಚೆಯೇ ತಲೆ ತಗ್ಗಿಸಿ ಸರಿದುಹೋಗುತ್ತಾರೆ. ಈ ಹತ್ತು ನಿಮಿಷಕ್ಕೆ ಗ್ರಾಫಿಕ್ಸ್ ಬೇಡ, ಒಳ್ಳೆಯ ನಟಿಯೊಬ್ಬಳು ಬೇಕು, ಹಿನ್ನೆಲೆ ಸಂಗೀತ ತೆಗೆದುಹಾಕುವ ಧೈರ್ಯ ಬೇಕು. ಬರೆಯುವವರು ಮೊದಲು ಬರೆಯಬೇಕಾದದ್ದೂ ಈ ದೃಶ್ಯವನ್ನೇ. ಅದು ಕೈಯಲ್ಲಿದ್ದರೆ ರಾಕ್ಷಸ ಎಂಥವನಿರಬೇಕು, ಅವನಿಗೆ ಯಾವ ಕಟ್ಟಳೆ ಹಾಕಬೇಕು ಅನ್ನುವುದನ್ನು ಹಿಂದಕ್ಕೆ ಲೆಕ್ಕ ಹಾಕಿಕೊಂಡು ಹೋಗಬಹುದು.